ಬಾಣಂತನದ ಬಗ್ಗೆ ಬರೆದಿದ್ದನ್ನು ಪುಸ್ತಕ ಮಾಡಬೇಕು, ಅನುಭವ ಇರುವವರು ಹೇಳಿ

ಕೇಳಿದವರು: ತುಮಕೂರು, 11 ತಿಂಗಳ ಮಗುವಿನ ತಾಯಿ

ಅಕ್ಕಂದಿರೇ, ನನಗೆ ಮೊದಲಿಂದ ಬರೆಯುವ ಅಭ್ಯಾಸ ಇರಲಿಲ್ಲ. ಮಗು ಹುಟ್ಟಿದ ಮೇಲೆ ರಾತ್ರಿ ನಿದ್ದೆ ಬಾರದೆ ಕೂತಾಗ ತಾಯಿ ಕಾರ್ಡಿನ ಹಿಂದೆ ಎರಡು ಸಾಲು ಗೀಚಿದೆ. ಆಮೇಲೆ ಒಂದು ಹಳೇ ಡೈರಿ ಸಿಕ್ಕಿತು. ಈಗ ಸುಮಾರು 60 ಪುಟ ಆಗಿದೆ. ಹೊಲಿಗೆ ನೋವು, ಹಾಲು ಬರದೆ ಅತ್ತಿದ್ದು, ಅತ್ತೆ ಹಾಕುತ್ತಿದ್ದ ಸಾಂಬ್ರಾಣಿ ಹೊಗೆ, ಎಲ್ಲಾ ಇದೆ. ಗೆಳತಿ ಓದಿ, ಪುಸ್ತಕ ಮಾಡು ಅಂದಳು. ಅತ್ತೆ, ಮನೆ ಮಾತು ಬೀದಿಗೆ ಹಾಕ್ತೀಯಾ ಅಂದರು. ನಮ್ಮವರು ಏನೂ ಹೇಳುತ್ತಿಲ್ಲ, ನನಗೆ ಅದೇ ಜಾಸ್ತಿ ಭಯ. ಮಗುವಿನ ಬಗ್ಗೆ ಬರೆಯೋದು ತಪ್ಪಾ? ಅಚ್ಚು ಹಾಕಿಸೋದು ಹೇಗೆ? ಎಲ್ಲಿಂದ ಶುರು ಮಾಡಲಿ?

ತಿಪಟೂರಿನಿಂದ

ತಪ್ಪಲ್ಲ. ಆದರೆ ನಾನೊಂದು ತಪ್ಪು ಮಾಡಿದ್ದೆ. ಮೊದಲು ಅದನ್ನು ಹೇಳಿಬಿಡುತ್ತೇನೆ.

ನನ್ನ ದೊಡ್ಡ ಮಗ ಚಿಕ್ಕವನಿದ್ದಾಗ ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಸಣ್ಣ ಸಣ್ಣ ಬರಹ ಕಳಿಸುತ್ತಿದ್ದೆ. ಹತ್ತು ಕಳಿಸಿದರೆ ಮೂರು ಬರುತ್ತಿದ್ದವು. ಅವನು ಐದು ವರ್ಷ ತುಂಬಿದರೂ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಿದ್ದ. ಅದನ್ನೇ ತಮಾಷೆಯಾಗಿ ಬರೆದೆ. ನಮ್ಮೂರಲ್ಲಿ ಅಟ್ಟದ ಮೇಲಿನ ತೆಂಗಿನಕಾಯಿ ಒಣಗಿ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು, ನಮ್ಮನೆ ಹಾಸಿಗೆ ಮಾತ್ರ ಒಂದು ದಿನವೂ ಪೂರ್ತಿ ಒಣಗಲಿಲ್ಲ ಅಂತ. ಓದಿದವರೆಲ್ಲ ನಕ್ಕರು. ನನಗೂ ಖುಷಿಯೋ ಖುಷಿ.

ಅವನು ಆರನೇ ಕ್ಲಾಸಿಗೆ ಬಂದಾಗ ಯಾವುದೋ ಹುಡುಗನ ಅಮ್ಮ ಆ ಪೇಪರ್ ತುಂಡನ್ನು ಇನ್ನೂ ಇಟ್ಟುಕೊಂಡಿದ್ದರು. ಪ್ರೀತಿಯಿಂದಲೇ ಇಟ್ಟುಕೊಂಡಿದ್ದು, ಪಾಪ. ಒಂದು ವಾರ ಕ್ಲಾಸಲ್ಲಿ ಇವನ ಹೆಸರೇ ಕೊಬ್ಬರಿ ಆಗಿಹೋಯಿತು. ಬ್ಯಾಗ್ ಇಟ್ಟವನು ಊಟ ಮಾಡಲಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಕೇಳಿದ, "ಅಮ್ಮ, ಬರೆಯೋ ಮುಂಚೆ ನನ್ನ ಕೇಳಿದ್ಯಾ?" ಐದು ವರ್ಷದವನನ್ನು ಏನು ಕೇಳೋದು ಅಂತ ಬಾಯಿಗೆ ಬಂತು. ಹೇಳಲಿಲ್ಲ.

ಆಮೇಲೆ ಬರಹಗಳನ್ನೆಲ್ಲ ಸೇರಿಸಿ ಪುಸ್ತಕ ಮಾಡುವಾಗ ಅದನ್ನು ತೆಗೆದುಹಾಕಿದೆ. ಉಳಿದದ್ದನ್ನು ಅವನ ಕೈಗೆ ಕೊಟ್ಟೆ. ಪೆನ್ಸಿಲ್ ಹಿಡಿದು ಇನ್ನೆರಡು ಕಡೆ ಗೆರೆ ಹೊಡೆದ. ಅದರಲ್ಲಿ ಒಂದು ನನ್ನ ಪ್ರಕಾರ ಇಡೀ ಪುಸ್ತಕದಲ್ಲೇ ಚೆನ್ನಾಗಿದ್ದ ಭಾಗ. ತೆಗೆದೆ. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ, ಸುಳ್ಳು ಹೇಳಲ್ಲ.

ನಿಮ್ಮ ಮಗು ಈಗ ಕೇಳೋಕೆ ಬರಲ್ಲ. ಅದಕ್ಕೇ ನೀವೇ ಅದರ ಪರವಾಗಿ ಕೂತು ಓದಬೇಕು. ನಾನೀಗ ಮಾಡೋದು ಇಷ್ಟು: ಮಕ್ಕಳ ಕಾಯಿಲೆ, ಮೈ, ಮಾರ್ಕ್ಸು ಬರೆಯಲ್ಲ. ಹೆಸರು ಹಾಕಲ್ಲ. ನನ್ನ ಹೊಲಿಗೆ, ನನ್ನ ಸಿಟ್ಟು, ಮಗು ಅತ್ತಾಗ ಒಂದು ನಿಮಿಷ ಬಾಗಿಲು ಹಾಕಿಕೊಂಡು ಹೊರಗೆ ನಿಂತಿದ್ದು, ಇದೆಲ್ಲ ಎಷ್ಟು ಬೇಕಾದರೂ ಬರೆಯುತ್ತೇನೆ.

ಇನ್ನು ಅತ್ತೆ ವಿಷಯ. ಮುಚ್ಚಿಟ್ಟು ಬರೆದರೆ ಅಚ್ಚಾದ ದಿನ ಜಗಳ ಗ್ಯಾರಂಟಿ. ನಾನು ನಮ್ಮತ್ತೆಗೆ ಅವರ ಪುಟಗಳನ್ನು ಜೋರಾಗಿ ಓದಿ ಹೇಳಿದೆ. ನಲವತ್ತು ದಿನ ಮೆಣಸಿನ ಸಾರು ಅನ್ನ, ಕೇಳಿದಷ್ಟು ನೀರೂ ಕೊಡಲಿಲ್ಲ ಅಂತೆಲ್ಲ ಬರೆದಿದ್ದೆ. ಬೈಯುತ್ತಾರೆ ಅಂದುಕೊಂಡೆ. ಅವರು ತಕರಾರು ತೆಗೆದಿದ್ದು ಒಂದೇ ಮಾತಿಗೆ: "ಸಾರಿಗೆ ಉಪ್ಪು ಕಮ್ಮಿ ಅಂತ ಬರೆದಿದ್ದೀಯಲ್ಲ, ಬಾಣಂತಿಗೆ ಉಪ್ಪು ಸುರೀತಾರಾ? ಓದಿದವರು ನಂಗೆ ಅಡುಗೆ ಬರಲ್ಲ ಅಂದ್ಕೊಳಲ್ವಾ?" ಅದನ್ನೂ ಹಾಗೇ ಸೇರಿಸಿದೆ. ಪುಸ್ತಕ ಓದಿದವರು ಜಾಸ್ತಿ ನೆನೆಸಿಕೊಳ್ಳೋದು ಆ ಸಾಲನ್ನೇ.

ಕೋಲಾರದಿಂದ

ನನಗೆ ವಯಸ್ಸಾಗಿದೆಯಮ್ಮ, ಮೊಮ್ಮಕ್ಕಳಿದ್ದಾರೆ. ನಮ್ಮನೇಲಿ ಮಾತು ತೆಲುಗು, ಓದು ಬರಹ ಎಲ್ಲಾ ಕನ್ನಡ. ನಿಮ್ಮತ್ತೆ ಹೇಳಿದ್ದನ್ನು ಕೇಳಿ ಒಂದು ಮಾತು. ಬಾಣಂತಿಯ ಮನಸ್ಸು ಕದಡಿದರೆ ಏನಾಗುತ್ತೆ, ವಾಸಿಯಾಗಿ ಬಂದವಳನ್ನು ಮನೆಯವರೇ ಹೇಗೆ ನೋಡುತ್ತಾರೆ ಅನ್ನೋದನ್ನು ತ್ರಿವೇಣಿ 'ಶರಪಂಜರ' ಕಾದಂಬರಿಯಲ್ಲಿ ಯಾವ ಕಾಲದಲ್ಲೋ ಬರೆದುಬಿಟ್ಟಿದ್ದಾರೆ. ಆಯಮ್ಮ 1963ರಲ್ಲಿ ಹೆರಿಗೆಯಾದ ಸ್ವಲ್ಪ ದಿನಕ್ಕೇ ಹೋಗಿಬಿಟ್ಟರು, ನಲವತ್ತೂ ಆಗಿರಲಿಲ್ಲ. ಡಾ. ಅನುಪಮಾ ನಿರಂಜನ ಅವರ 'ತಾಯಿ-ಮಗು' ನನ್ನ ಬಾಣಂತನದಲ್ಲಿ ದಿಂಬಿನ ಕೆಳಗೇ ಇರುತ್ತಿತ್ತು. ಅದು ಡಾಕ್ಟರು ಬರೆದ ಪುಸ್ತಕ, ನಿಮ್ಮದು ಬೇರೆ ಥರ, ಇರಲಿ. ಇದು ಬೀದಿಗೆ ಬರದ ಮಾತೇನೂ ಅಲ್ಲ ಅಂತ ಹೇಳಿದೆ ಅಷ್ಟೇ.

ತುಮಕೂರಿನಿಂದ, ಡಿಟಿಪಿ ಕೆಲಸ ಮಾಡುವವರು

ಅಚ್ಚಿನ ವಿಷಯ ನಾನು ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ಬೇರೆಯವರ ಪುಸ್ತಕ ಟೈಪ್ ಮಾಡುತ್ತಿದ್ದೇನೆ. ಎರಡು ವರ್ಷದ ಹಿಂದೆ ನನ್ನದೂ ಒಂದು ಮಾಡಿಕೊಂಡೆ.

ಡೈರಿಯ 60 ಪುಟ ಅಂದರೆ ಡೆಮಿ ಸೈಜಿನಲ್ಲಿ, ಅಂದರೆ ಮಾಮೂಲಿ ಪುಸ್ತಕದ ಅಳತೆಯಲ್ಲಿ, 40 ಪುಟ ಆದರೆ ಹೆಚ್ಚು. ಒಂದು ಫಾರಂ ಅಂದರೆ 16 ಪುಟ. ನಿಮ್ಮದು ಮೂರು ಫಾರಂ ಕೂಡ ತುಂಬಲ್ಲ. ಆರು ಫಾರಂ, ಅಂದರೆ 96 ಪುಟ ಇದ್ದರೆ ಪುಸ್ತಕದ ಬೆನ್ನಿನ ಮೇಲೆ ಹೆಸರು ಕೂರುತ್ತೆ. ಹಾಗಂತ ದೊಡ್ಡ ಅಕ್ಷರ ಹಾಕಿ ಎಳೆಯಬೇಡಿ. ಇನ್ನೊಂದು ವರ್ಷ ಬರೆಯಿರಿ. ಮಗು ನಡೆಯುತ್ತೆ, ಮಾತಾಡುತ್ತೆ, ಬರೆಯೋಕೆ ಬೇಕಾದಷ್ಟು ಸಿಗುತ್ತೆ.

ಕರಡು ನೀವೇ ತಿದ್ದಿ, ಆಮೇಲೆ ಇನ್ನೊಬ್ಬರ ಕೈಲೂ ತಿದ್ದಿಸಿ. ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದನ್ನು ಫೋನು, ನೆಟ್ಟಲ್ಲೆಲ್ಲ ಓದೋಕೆ ಬರುವ ಯೂನಿಕೋಡಿಗೆ ತಿರುಗಿಸಿದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ. ಅದು ಕಣ್ಣಿಗೆ ಬೀಳುತ್ತೆ. ಬೀಳದೇ ಇರೋದು ಲ ಳ ತಪ್ಪು. ನನ್ನದೇ ಪುಸ್ತಕದಲ್ಲಿ ಒಂದು ಕಡೆ ಎದೆಹಾಲು ಹೋಗಿ ಎದೆಹಾಳು ಆಗಿತ್ತು. ಮೂರು ಸಲ ಓದಿದ್ದೆ. ಅಚ್ಚಾಗಿ ಬಂದ ಮೇಲೆ ನಮ್ಮ ನಾದಿನಿ ಕಂಡುಹಿಡಿದಳು, ಅದೂ ನಗುತ್ತಾ.

ಐಎಸ್‌ಬಿಎನ್ ನಂಬರಿಗೆ, ಅಂದರೆ ಪುಸ್ತಕದ ಗುರುತಿನ ನಂಬರಿಗೆ, ದುಡ್ಡಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗಿರುವ ರಾಜಾ ರಾಮಮೋಹನ ರಾಯ್ ಏಜೆನ್ಸಿ ಪುಕ್ಕಟೆಯಾಗಿ ಕೊಡುತ್ತೆ. ಲೇಖಕರೇ ಆನ್‌ಲೈನಲ್ಲಿ ಅರ್ಜಿ ಹಾಕಬಹುದು. ಅದಕ್ಕೆ ಇಷ್ಟು ಅಂತ ಯಾರಾದರೂ ಬಿಲ್ ಹಾಕಿದರೆ, ಯಾವುದಕ್ಕೆ ಅಂತ ಕೇಳಿ. ಪ್ರಕಾಶಕರು ಕಾಗದ ಕೊಟ್ಟರೆ ಓದದೆ ಸಹಿ ಹಾಕಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಬರೆದವರದೇ. ಬಿಟ್ಟುಕೊಡೋದಾದರೆ ಬರವಣಿಗೆಯಲ್ಲೇ ಆಗಬೇಕು. ಎಷ್ಟು ವರ್ಷ ಅಂತ ಬರೆಯದೇ ಇದ್ದರೆ ಐದು ವರ್ಷ ಅಂತ ಲೆಕ್ಕ. ನೀವೇ ಅಚ್ಚು ಹಾಕಿಸಿದರೆ ನೀವೇ ಪ್ರಕಾಶಕಿ. ಆಗ 1954ರ ಕಾಯ್ದೆ ಪ್ರಕಾರ 30 ದಿನದ ಒಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು. ಚೆನ್ನೈ, ಮುಂಬೈ, ದೆಹಲಿಯ ಒಂದೊಂದು ಲೈಬ್ರರಿಗೂ ಕಳಿಸಬೇಕು. ಇದು ಸುಮಾರು ಜನರಿಗೆ ಗೊತ್ತೇ ಇರಲ್ಲ.

ಇನ್ನು ಖರ್ಚಿನ ವಿಷಯ. ಕಾಗದದ ರೇಟು ತಿಂಗಳಿಗೊಂದು ಥರ, ಅದಕ್ಕೇ ನಂಬರ್ ಹೇಳಲ್ಲ. ಎರಡು ಮೂರು ಪ್ರೆಸ್ಸಲ್ಲಿ ಕೇಳಿ. ಒಂದು ಮಾತ್ರ ಹೇಳ್ತೀನಿ, 500 ಪ್ರತಿ ಹಾಕಿಸಿದರೆ ಒಂದೊಂದಕ್ಕೆ ಕಡಿಮೆ ಬೀಳುತ್ತೆ ಅಂತ ಆಸೆ ಬೀಳಬೇಡಿ. ನನ್ನ ಮಂಚದ ಕೆಳಗೆ ಇನ್ನೂ ನಾಲ್ಕು ಬಂಡಲ್ ಇವೆ, ಕಸ ಗುಡಿಸುವಾಗೆಲ್ಲ ಎಳೆದು ಇಡಬೇಕು. ಬೇಕಾದಷ್ಟೇ ಪ್ರತಿ ತೆಗೆಸೋಕೆ ಈಗ ಡಿಜಿಟಲ್ ಪ್ರಿಂಟ್ ಇದೆ. ನಿಮಗೆ 35 ದಾಟಿಲ್ಲ ಅಂದರೆ ಕನ್ನಡ ಪುಸ್ತಕ ಪ್ರಾಧಿಕಾರದವರು ಯುವ ಬರಹಗಾರರ ಚೊಚ್ಚಲ ಕೃತಿಗೆ ಅರ್ಜಿ ಕರೆಯೋದನ್ನು ನೋಡುತ್ತಿರಿ, ಪ್ರೋತ್ಸಾಹ ಧನ ಕೊಡುತ್ತಾರೆ. ಹಾಗೇ ಲೇಖಕಿಯರ ಸಂಘದ ಶಾಖೆ ನಮ್ಮ ತುಮಕೂರಲ್ಲೇ ಇದೆ. ಒಂದು ಕಾರ್ಯಕ್ರಮಕ್ಕೆ ಮಗು ಎತ್ತಿಕೊಂಡೇ ಬನ್ನಿ. ಅತ್ತರೆ ಎತ್ತಿಕೊಳ್ಳೋಕೆ ಹತ್ತು ಕೈ ಇರುತ್ತವೆ.

ಶಿಡ್ಲಘಟ್ಟದ ಕಡೆಯಿಂದ

ನಮ್ಮದು ರೇಷ್ಮೆ ಮನೆ. ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಹುಳಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಅತ್ತ ಸೊಪ್ಪು, ಇತ್ತ ಮಗುವಿಗೆ ಹಾಲು. ಕೂತು ಬರೆಯೋಕೆ ನನಗೆ ಯಾವತ್ತೂ ಆಗಿಲ್ಲ. ಮಗು ಮಲಗಿದಾಗ ಫೋನಿಗೆ ಮೆಲ್ಲಗೆ ಮಾತಾಡುತ್ತೇನೆ, ಅದೇ ಟೈಪ್ ಮಾಡಿಕೊಳ್ಳುತ್ತೆ. ಅರ್ಧ ತಪ್ಪು ಬರುತ್ತೆ, ಆಮೇಲೆ ತಿದ್ದುತ್ತೇನೆ.

ಒಂದು ಬರಹದಲ್ಲಿ, ಹುಳ ಹಣ್ಣಾದ ದಿನವೇ ನನಗೆ ನೋವು ಶುರುವಾಯಿತು, ಚಂದ್ರಿಕೆಗೆ ಬಿಡೋಕೆ ಮನೇಲಿ ಜನ ಇಲ್ಲ, ಆಸ್ಪತ್ರೆಗೂ ಜನ ಬೇಕು ಅಂತ ಬರೆದಿದ್ದೆ (ಹಣ್ಣಾಗೋದು ಅಂದರೆ ಹುಳ ಗೂಡು ಕಟ್ಟೋಕೆ ತಯಾರಾಗೋದು, ಆಗ ಬಿಡುವ ಬಿದಿರು ತಟ್ಟಿಯೇ ಚಂದ್ರಿಕೆ). ಅದು ಅಚ್ಚಾಗಿ ಬಂದಾಗ 'ಹುಳುಗಳು ಪಕ್ವಗೊಂಡ ದಿನ' ಆಗಿತ್ತು. ನಮ್ಮಮ್ಮ ಓದಿ, ಇದು ಯಾರ ಮನೆ ಕತೆ ಅಂದರು. ಅವತ್ತಿಂದ ಕಳಿಸುವಾಗಲೇ ಮೇಲೊಂದು ಚೀಟಿ ಬರೀತೀನಿ, ಅರ್ಥ ಆಗದಿದ್ದರೆ ಫೋನ್ ಮಾಡಿ, ಬದಲಾಯಿಸಬೇಡಿ ಅಂತ. ಎರಡು ಸಲ ಫೋನ್ ಬಂದಿದೆ. ನೀವೂ ನಿಮ್ಮ ಮನೆ ಮಾತಲ್ಲೇ ಬರೆಯಿರಿ.

ಚಿಕ್ಕಬಳ್ಳಾಪುರದಿಂದ, ನರ್ಸ್

ಎರಡು ಎಚ್ಚರಿಕೆ. ಅನುಭವ ಬರೆಯಿರಿ, ಔಷಧಿ ಬರೆಯಬೇಡಿ. ನಾಲ್ಕನೇ ತಿಂಗಳಿಗೇ ರಾಗಿ ಸರಿ ಕೊಟ್ಟೆ, ಏನೂ ಆಗಲಿಲ್ಲ ಅಂತ ಒಬ್ಬರು ಬರೆದರೆ ಅದನ್ನು ಹಿಡಿದುಕೊಂಡು ಹತ್ತು ಜನ ಕೊಡುತ್ತಾರೆ. ಆರು ತಿಂಗಳು ಎದೆಹಾಲು ಬಿಟ್ಟು ನೀರೂ ಬೇಡ. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬೇಡಿ. ಇನ್ನೊಂದು, ನಿಮ್ಮ ಹೆಸರು ನಾಲ್ಕು ಜನಕ್ಕೆ ಗೊತ್ತಾದ ಮೇಲೆ ಹಾಲಿನ ಪುಡಿ ಡಬ್ಬವೋ ಫೀಡಿಂಗ್ ಬಾಟಲೋ ಪುಕ್ಕಟೆ ಕಳಿಸ್ತೀವಿ, ಎರಡು ಒಳ್ಳೇ ಮಾತು ಬರೆಯಿರಿ ಅಂತ ಯಾರಾದರೂ ಕೇಳಬಹುದು. ಒಪ್ಪಬೇಡಿ. ಎರಡು ವರ್ಷದ ಒಳಗಿನ ಮಕ್ಕಳ ಡಬ್ಬದ ಆಹಾರ, ಬಾಟಲು, ಯಾವುದಕ್ಕೂ ಪ್ರಚಾರ ಮಾಡುವ ಹಾಗಿಲ್ಲ. 1992ರ ಕಾಯ್ದೆ ಅದು, 2003ರಲ್ಲಿ ಇನ್ನೂ ಬಿಗಿ ಮಾಡಿದರು.

ಅದಿರಲಿ. ಹಾಲು ಬರದೆ ಅತ್ತಿದ್ದು ಅಂತ ಬರೆದಿದ್ದೀರಲ್ಲ, ಈಗ ಹೇಗಿದ್ದೀರಿ? ರಾತ್ರಿ ಬರೀ ಬರೆಯೋಕೆ ಎಚ್ಚರ ಇರೋದಾ, ಇಲ್ಲಾ ಮಗು ಮಲಗಿದರೂ ನಿದ್ದೆ ಬರಲ್ವಾ? ಎರಡನೆಯದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟು ನೋಡುವ ವಾರ್ಡೇ ಇದೆ. ಪುಸ್ತಕ ಆಮೇಲೆ ಆದರೂ ಆಗುತ್ತೆ.

ಕೇಳಿದವರು, ತುಮಕೂರು

ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್, ಈಗ ಪರವಾಗಿಲ್ಲ. ಮೊದಲ ಎರಡು ತಿಂಗಳು ಪರವಾಗಿರಲಿಲ್ಲ. ಡೈರಿಯಲ್ಲಿ ಆ ಎರಡು ತಿಂಗಳೇ ಇಲ್ಲ, ನೀವು ಕೇಳಿದ ಮೇಲೆ ತೆಗೆದು ನೋಡಿದೆ. ಇನ್ನೆರಡು ಫಾರಂ ಅಲ್ಲೇ ಇದೆ ಅನಿಸುತ್ತೆ.

ನಿನ್ನೆ ಅತ್ತೆಗೆ ಹೊಗೆ ಹಾಕುತ್ತಿದ್ದ ಪುಟ ಓದಿ ಹೇಳಿದೆ. ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡರು. "ಅದು ಸಾಂಬ್ರಾಣಿ ಒಂದೇ ಅಲ್ಲ, ಬೆಳ್ಳುಳ್ಳಿ ಸಿಪ್ಪೆ, ಓಂಕಾಳೂ ಹಾಕಿದ್ದೆ, ಸರಿಯಾಗಿ ಬರಿ" ಅಂದರು. ತಿದ್ದಿದ್ದೇನೆ.