ಟೋಕಿಯೊದ ನೀರಿನ ವಿಜ್ಞಾನ ಮ್ಯೂಸಿಯಂ: ಮಕ್ಕಳು, ಅತ್ತೆ-ಮಾವನ ಜೊತೆ ಹೇಗೆ ನೋಡೋದು?

ಮಳೆಹನಿ:

ಎಲ್ಲರಿಗೂ ನಮಸ್ಕಾರ. ಬೇಸಿಗೆ ರಜೆಗೆ, ಏಪ್ರಿಲ್ ಕೊನೆಯಲ್ಲಿ, ಬೆಂಗಳೂರಿಂದ ಟೋಕಿಯೊಗೆ ಹೋಗುತ್ತಿದ್ದೇವೆ. ಐದು ಮತ್ತು ಒಂಬತ್ತು ವರ್ಷದ ಮಕ್ಕಳು, ಎಪ್ಪತ್ತರ ಆಸುಪಾಸಿನ ಅತ್ತೆ-ಮಾವ, ನಾವಿಬ್ಬರು. ಅರಿಯಾಕೆಯಲ್ಲಿ ಅಲ್ಲಿನ ಜಲಮಂಡಳಿಯವರು ನಡೆಸುವ ನೀರಿನ ವಿಜ್ಞಾನ ಮ್ಯೂಸಿಯಂ, ಮಿಜು ನೊ ಕಗಾಕುಕಾನ್, ಪಟ್ಟಿಯಲ್ಲಿದೆ. ಕೈಯಲ್ಲಿ ಮುಟ್ಟಿ, ಆಡಿ ನೋಡುವ ಜಾಗ ಅಂತ ಗೊತ್ತು. ಕೇಳಬೇಕಿರೋದು ಇಷ್ಟು:

ಅರ್ಧ ದಿನ ಸಾಕಾ? ನಮಗ್ಯಾರಿಗೂ ಜಪಾನಿ ಬರಲ್ಲ. ದೊಡ್ಡವನಿಗೆ ಏನಾದರೂ ತಲೆಗೆ ಹೋಗುತ್ತಾ, ಅಥವಾ ನೀರೆರಚಾಟದಲ್ಲೇ ಮುಗಿಯುತ್ತಾ? ಹಿರಿಯರಿಗೆ ನಡಿಗೆ ಹೆಚ್ಚಾಗುತ್ತಾ? ಅದೇ ದಿನ ಹತ್ತಿರದಲ್ಲಿ ನೀರಿಗೇ ಸಂಬಂಧಪಟ್ಟ ಇನ್ನೇನಾದರೂ ಇದೆಯಾ?

ತೂಬು:

ಮೊದಲು ದಿನ ಗೊತ್ತುಮಾಡಿಕೊಳ್ಳಿ, ಎಡವೋದು ಅಲ್ಲೇ. ಸೋಮವಾರ ರಜೆ. ಆ ಸೋಮವಾರ ಸರ್ಕಾರಿ ರಜೆ ಬಿದ್ದರೆ ಮ್ಯೂಸಿಯಂ ತೆರೆದಿರುತ್ತೆ, ಬದಲಿಗೆ ಮರುದಿನ ಮುಚ್ಚುತ್ತೆ. ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನಿನಲ್ಲಿ ಸಾಲು ರಜೆ, ಅದನ್ನೇ ಗೋಲ್ಡನ್ ವೀಕ್ ಅನ್ನೋದು. ಆಗ ಅಲ್ಲಿನ ಮಕ್ಕಳೆಲ್ಲ ಇಂಥ ಜಾಗಗಳಲ್ಲೇ ಇರುತ್ತಾರೆ. ಸಾಧ್ಯವಾದರೆ 29ಕ್ಕೆ ಮುಂಚಿನ ಒಂದು ಮಂಗಳವಾರ ಅಥವಾ ಬುಧವಾರ ಹಿಡೀರಿ. ಸಮಯ ಬೆಳಿಗ್ಗೆ 9:30ರಿಂದ ಸಂಜೆ 5, ಒಳಗೆ ಬಿಡೋದು 4:30ರವರೆಗೆ. ಟಿಕೆಟ್ ಇಲ್ಲ, ಆರೂ ಜನಕ್ಕೆ ಉಚಿತ.

ಹೋಗೋದಕ್ಕೆ ಎರಡು ದಾರಿ. ಶಿಂಜುಕು, ಶಿಬುಯಾ ಕಡೆಯಿಂದಾದರೆ ಸೈಕ್ಯೊ ಲೈನಿನ ಕೆಲವು ರೈಲುಗಳು ನೇರ ರಿಂಕಾಯ್ ಲೈನಿಗೆ ಹೋಗುತ್ತವೆ. ಬೋರ್ಡಿನಲ್ಲಿ ಶಿನ್‌ಕಿಬಾ ಅಂತ ಇರೋದನ್ನು ಹತ್ತಿ, ಕೊಕುಸಾಯ್ ತೆಂಜಿಜೊದಲ್ಲಿ ಇಳಿಯಿರಿ. ಜೆಆರ್ ಪಾಸ್ (ಜೆಆರ್ ಕಂಪನಿಯ ರೈಲುಗಳಿಗೆ ಪ್ರವಾಸಿಗರು ಕೊಳ್ಳುವ ಪಾಸ್) ಇಟ್ಟುಕೊಂಡವರು ಒಂದು ಗಮನಿಸಿ: ಒಸಾಕಿ ಸ್ಟೇಷನ್ನಿಂದ ಆಚೆ ರಿಂಕಾಯ್ ಬೇರೆ ಕಂಪನಿಯದು, ಪಾಸ್ ನಡೆಯಲ್ಲ. ರೈಲು ಬದಲಿಸದೆ ಕೂತೇ ಬಂದಿರ್ತೀರಿ, ಇಳಿದ ಮೇಲೆ ಗೇಟಿನಲ್ಲಿ ಆ ತುಂಡಿನ ದುಡ್ಡು ಕೇಳ್ತಾರೆ. ಮೊದಲೇ ದುಡ್ಡು ತುಂಬಿಸಿಟ್ಟು ಗೇಟಿಗೆ ತಾಗಿಸುವ ಸುಯಿಕಾ ಕಾರ್ಡ್ ಇದ್ದರೆ ಈ ತಲೆನೋವಿಲ್ಲ. ಐದರ ಮಗುವಿಗೆ ಟಿಕೆಟ್ ಬೇಡ, ಒಂಬತ್ತರವನಿಗೆ ಅರ್ಧ.

ಇನ್ನೊಂದು ದಾರಿ ಶಿಂಬಾಶಿಯಿಂದ ಯುರಿಕಮೊಮೆ. ಡ್ರೈವರ್ ಇಲ್ಲದ ರೈಲು, ರೇನ್‌ಬೋ ಬ್ರಿಜ್ ಮೇಲೆ ಸಮುದ್ರ ದಾಟುತ್ತೆ. ಮುಂದಿನ ಸೀಟು ಸಿಕ್ಕರೆ ಮಕ್ಕಳಿಗೆ ಅದೇ ಒಂದು ಹಬ್ಬ. ಇಳಿಯೋದು ಟೋಕಿಯೊ ಬಿಗ್ ಸೈಟ್. ಎರಡೂ ಸ್ಟೇಷನ್ನಿಂದ ಸುಮಾರು 8 ನಿಮಿಷದ ನಡಿಗೆ, ಸಮತಟ್ಟು ದಾರಿ. ಹಿರಿಯರ ಹೆಜ್ಜೆಗೆ ಹದಿನೈದು ನಿಮಿಷ ಇಟ್ಟುಕೊಳ್ಳಿ.

ಬಿಗ್ ಸೈಟ್ ಅಂದರೆ ದೊಡ್ಡ ವಸ್ತುಪ್ರದರ್ಶನದ ಜಾಗ. ದೊಡ್ಡ ಕಾರ್ಯಕ್ರಮ ಇದ್ದ ದಿನ ಈ ಎರಡೂ ಸ್ಟೇಷನ್ ಜಾತ್ರೆಯ ತೇರುಬೀದಿ ಆಗಿರುತ್ತೆ. ಅವರ ಕ್ಯಾಲೆಂಡರ್ ನೋಡಿಯೇ ದಿನ ಆರಿಸಿ.

ಕಟ್ಟಿಕೊಳ್ಳಬೇಕಾದ್ದು: ಇಬ್ಬರು ಮಕ್ಕಳಿಗೂ ಒಂದೊಂದು ಜೊತೆ ಬಟ್ಟೆ, ಸಾಕ್ಸ್ ಸಮೇತ. ತೋಳು ಮಡಚಲು ಬರುವ ಅಂಗಿ ಹಾಕಿ. ಒಬ್ಬೊಬ್ಬರಿಗೂ ಒಂದು ಚಿಕ್ಕ ಟವೆಲ್, ಯಾಕೆಂದರೆ ಅಲ್ಲಿ ಎಷ್ಟೋ ಟಾಯ್ಲೆಟ್‌ಗಳಲ್ಲಿ ಕೈ ಒರೆಸಲು ಏನೂ ಇರಲ್ಲ, ಜನ ತಮ್ಮ ಟವೆಲ್ ತಾವೇ ಇಟ್ಟುಕೊಂಡಿರ್ತಾರೆ. ಕಸದ ಡಬ್ಬಿಯೂ ಅಪರೂಪ, ಒಂದು ಪ್ಲಾಸ್ಟಿಕ್ ಕವರ್ ಇರಲಿ. ಸಸ್ಯಾಹಾರಿಗಳಾದರೆ ಚಿತ್ರಾನ್ನವೋ ಚಪಾತಿಯೋ ಬುತ್ತಿ ಕಟ್ಟಿಕೊಂಡೇ ಹೋಗಿ. ಹೊರಗೆ ಸಿಗುವ ಬರೀ ತರಕಾರಿಯ ನೂಡಲ್ಸ್ ಸಾರಿನಲ್ಲೂ ಸಾಮಾನ್ಯವಾಗಿ ಮೀನಿನ ರಸ ಇರುತ್ತೆ.

ನೀರಗಂಟಿ:

ಒಳಗೆ ನೋಡುವ ಕ್ರಮದ ಬಗ್ಗೆ ಹೇಳ್ತೀನಿ. ಹೆಸರುಗಳೆಲ್ಲ 'ಆಕ್ವಾ' ಅಂತಲೇ ಶುರು. ಆಕ್ವಾ ಟ್ರಿಪ್ ಒಂದು ಚಿತ್ರಮಂದಿರ, ಕಾಡಿನಲ್ಲಿ ಬಿದ್ದ ಮಳೆ ನಲ್ಲಿಗೆ ಬರೋವರೆಗಿನ ದಾರಿ. ಅದನ್ನು ಮೊದಲು ನೋಡಿ, ಮಾತು ಅರ್ಥವಾಗದಿದ್ದರೂ ಚಿತ್ರ ಅರ್ಥವಾಗುತ್ತೆ. ಆಮೇಲೆ ಕಾಡಿನ ಭಾಗ, ಪ್ರಯೋಗಗಳ ಲ್ಯಾಬೊರೇಟರಿ, ಮನೆ-ಊರಿನ ನೀರಿನ ಟೌನ್. ನೀರಾಟದ ಪ್ಲೇಲ್ಯಾಂಡ್ ಕೊನೆಗಿರಲಿ. ಮೊದಲೇ ಬಿಟ್ಟರೆ ಐದರ ಮಗು ಅಲ್ಲಿಂದ ಏಳಲ್ಲ, ಒದ್ದೆ ಬಟ್ಟೆಯಲ್ಲಿ ಎಸಿ ಕೋಣೆಗಳನ್ನು ಸುತ್ತಬೇಕಾಗುತ್ತೆ.

ಆದರೆ ದಯವಿಟ್ಟು ಬಿಡಬಾರದ್ದು ಆಕ್ವಾ ಟೂರ್. ಈ ಕಟ್ಟಡದ ನೆಲದಡಿಯಲ್ಲಿ ಮಾದರಿಯಲ್ಲ, ಸುತ್ತಲಿನ ಕಡಲತೀರದ ಬಡಾವಣೆಗಳಿಗೆ ನಿಜವಾಗಿ ನೀರು ಕೊಡುತ್ತಿರುವ ಪಂಪ್‌ಹೌಸ್ ಇದೆ. ಸಿಬ್ಬಂದಿ ಗುಂಪು ಮಾಡಿ ಕೆಳಗೆ ಕರಕೊಂಡು ಹೋಗ್ತಾರೆ. ಒಳಗೆ ಕಾಲಿಟ್ಟ ತಕ್ಷಣ ಮುಂದಿನ ಟೂರ್ ಎಷ್ಟು ಗಂಟೆಗೆ ಅಂತ ಕೇಳಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿಕೊಳ್ಳಿ.

ಬೆಂಗಳೂರಿನ ಮಕ್ಕಳಿಗೆ ಅದನ್ನು ವಿವರಿಸಲು ಜಪಾನಿ ಬೇಕಿಲ್ಲ. "ನಮ್ಮ ಮನೆ ಸಂಪು ಇದೆಯಲ್ಲ, ಇದು ಇಡೀ ಬಡಾವಣೆಯ ಸಂಪು" ಅಂದರೆ ಮುಗೀತು. ಶುದ್ಧೀಕರಣ ಘಟಕ ಹಗಲು-ರಾತ್ರಿ ಒಂದೇ ವೇಗದಲ್ಲಿ ನೀರು ಕಳಿಸುತ್ತೆ. ಜನ ಮಾತ್ರ ಬೆಳಿಗ್ಗೆ, ಸಂಜೆ ಒಟ್ಟಿಗೆ ನಲ್ಲಿ ತಿರುಗಿಸ್ತಾರೆ. ರಾತ್ರಿ ಉಳಿದದ್ದು ನೆಲದಡಿಯ ತೊಟ್ಟಿಯಲ್ಲಿ ತುಂಬಿಕೊಂಡು, ಬೆಳಗಿನ ನೂಕುನುಗ್ಗಲಿಗೆ ಪಂಪ್ ಅದನ್ನು ಹೊರಕ್ಕೆ ತಳ್ಳುತ್ತೆ. ವ್ಯತ್ಯಾಸ ಎಲ್ಲಿದೆ ಅಂದರೆ, ನಮ್ಮಲ್ಲಿ ಈ ಕೆಲಸವನ್ನು ಪ್ರತಿ ಮನೆಯೂ ಒಂದು ಸಂಪು, ಒಂದು ಮೋಟಾರು, ಮೇಲೊಂದು ಟ್ಯಾಂಕು ಇಟ್ಟು ತಾನೇ ಮಾಡಿಕೊಳ್ಳುತ್ತೆ. ಅಲ್ಲಿ ಬಡಾವಣೆಗೊಂದರಂತೆ ಮಾಡಿದ್ದಾರೆ.

ಅತ್ತೆ-ಮಾವನಿಗೂ ಹೇಳಿ: ಅಲ್ಲಿ ನಲ್ಲಿ ನೀರನ್ನು ಹಾಗೇ ಕುಡಿಯಬಹುದು. ಪೈಪಿನಲ್ಲಿ 24 ಗಂಟೆಯೂ ಒತ್ತಡ ಇರೋದು ಇದಕ್ಕೆ ದೊಡ್ಡ ಕಾರಣ. ಎಲ್ಲಾದರೂ ಸೀಳಿದ್ದರೆ ನೀರು ಹೊರಗೆ ಸೋರುತ್ತೆಯೇ ಹೊರತು ಹೊರಗಿನ ಕೊಳೆ ಒಳಗೆ ಬರಲ್ಲ. ಎರಡು ದಿನಕ್ಕೊಮ್ಮೆ ಬಿಡುವ ಕಡೆ, ನೀರು ನಿಂತ ಮೇಲೆ ಖಾಲಿ ಪೈಪು ಉಸಿರೆಳೆದುಕೊಂಡ ಹಾಗೆ ಸುತ್ತಲಿನದನ್ನೆಲ್ಲ ಒಳಗೆ ಎಳೆಯುತ್ತೆ. ಮೊದಲ ಹತ್ತು ನಿಮಿಷ ಕೆಂಪು ನೀರು ಬರೋದು ಅದಕ್ಕೇ. ಜೊತೆಗೆ ಜಪಾನಿನ ಕಾನೂನಿನಂತೆ ನಲ್ಲಿಯ ತುದಿಯಲ್ಲೂ ಲೀಟರಿಗೆ ಕನಿಷ್ಠ 0.1 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮ್ಮ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡದಲ್ಲಿ ಅದು 0.2.

ಮ್ಯೂಸಿಯಂಗೆ ಎರಡರಿಂದ ಎರಡೂವರೆ ಗಂಟೆ ಸಾಕು.

ಮಳೆಹನಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸಂಪಿನ ಹೋಲಿಕೆ ದೊಡ್ಡವನಿಗೆ ತಕ್ಷಣ ಹಿಡಿಸುತ್ತೆ. ಹೊರಡೋದಕ್ಕೆ ಮುಂಚೆ ಮನೆಯಲ್ಲೇ ಮಾಡಿಸಬಹುದಾದ್ದು ಏನಾದರೂ ಇದೆಯಾ? ಅಲ್ಲಿ ಹೋದಾಗ "ಇದು ಗೊತ್ತು" ಅನ್ನೋ ಥರ?

ಹಿತ್ತಲಬಾವಿ:

ಇದೆ. ಶುದ್ಧೀಕರಣದ ಎರಡು ಹೆಜ್ಜೆ ಅಡುಗೆಮನೆಯಲ್ಲೇ ಆಗುತ್ತೆ.

ಪಟಿಕದ ಪ್ರಯೋಗ ಮೊದಲು. ಒಂದು ಬಕೆಟ್ ನೀರಿಗೆ ಒಂದು ಹಿಡಿ ಕೆಂಪುಮಣ್ಣು ಕಲಕಿ ಹತ್ತು ನಿಮಿಷ ಬಿಡಿ. ದಪ್ಪ ಮರಳು ತಳಕ್ಕೆ ಹೋಗಲಿ. ಮೇಲಿನ ಚಹಾ ಬಣ್ಣದ ನೀರನ್ನು ನಾಲ್ಕು ಪಾರದರ್ಶಕ ಪಾತ್ರೆಗಳಿಗೆ ಒಂದೊಂದು ಲೀಟರ್ ಹಾಕಿ. ಬೇರೆ ಬಾಟಲಿಯಲ್ಲಿ 100 ಮಿ.ಲೀ. ನೀರಿಗೆ 1 ಗ್ರಾಂ ಪಟಿಕ ಪುಡಿ ಕರಗಿಸಿ. ಈಗ ಆ ದ್ರಾವಣದ 1 ಮಿ.ಲೀ. ಅಂದರೆ 10 ಮಿಲಿಗ್ರಾಂ ಪಟಿಕ. ಮೆಡಿಕಲ್ ಶಾಪಿನಲ್ಲಿ ಸಿಗುವ ಸೂಜಿಯಿಲ್ಲದ ಸಿರಿಂಜಿನಲ್ಲಿ ಮೂರು ಪಾತ್ರೆಗೆ 2, 4, 8 ಮಿ.ಲೀ. ಹಾಕಿಸಿ. ನಾಲ್ಕನೆಯದು ಹಾಗೇ ಇರಲಿ, ಹೋಲಿಸಲು.

ಒಂದು ನಿಮಿಷ ಜೋರಾಗಿ ಕಲಕಿ, ಆಮೇಲೆ ಹತ್ತು ನಿಮಿಷ ಮಗುವಿನ ತೊಟ್ಟಿಲು ತೂಗಿದಷ್ಟು ಮೆಲ್ಲಗೆ. ಐದಾರು ನಿಮಿಷಕ್ಕೆ ನೀರಿನಲ್ಲಿ ಒಡೆದ ಹಾಲಿನಂಥ ಸಣ್ಣ ಸಣ್ಣ ತುಣುಕು ಕಾಣುತ್ತವೆ. ಜೇಡಿಮಣ್ಣಿನ ಕಣಗಳಿಗೆಲ್ಲ ಋಣ ವಿದ್ಯುದಂಶ, ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತಾ ದಿನಗಟ್ಟಲೆ ತೇಲುತ್ತವೆ. ಪಟಿಕದ ಅಲ್ಯುಮಿನಿಯಂ ಧನ ಅಂಶ ಆ ಜಗಳ ಬಿಡಿಸಿ ಅಂಟಿಸುತ್ತೆ. ಅರ್ಧ ಗಂಟೆ ಅಲುಗಿಸದೆ ಇಟ್ಟು, ಯಾವ ಪಾತ್ರೆ ಹೆಚ್ಚು ತಿಳಿಯಾಯ್ತು ಅಂತ ಮಗನೇ ಹೇಳಲಿ. ನೀರಿನ ಘಟಕಗಳಲ್ಲಿ ದಿನಾ ಮಾಡುವ ಜಾರ್ ಟೆಸ್ಟ್ ಇದೇ.

ಕೆಡೋದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಮಕ್ಕಳು ಹುರುಪಿನಲ್ಲಿ ಹತ್ತೂ ನಿಮಿಷ ಜೋರಾಗಿ ಕಲಕಿಬಿಡ್ತಾರೆ. ಕೂಡಿಕೊಂಡ ತುಣುಕು ಮತ್ತೆ ಚೂರಾಗಿ ಹೋಗುತ್ತೆ, ಆಮೇಲೆ ಸರಿಯಾಗಿ ಸೇರಲ್ಲ.

ಎರಡನೇ ಹೆಜ್ಜೆ ಮರಳಿನ ಸೋಸು. ಒಂದು ಲೀಟರ್ ಬಾಟಲಿಯ ತಳ ಕತ್ತರಿಸಿ ತಲೆಕೆಳಗಾಗಿ ನಿಲ್ಲಿಸಿ. ಮುಚ್ಚಳಕ್ಕೆ ಬಿಸಿ ಮೊಳೆಯಲ್ಲಿ ಐದಾರು ತೂತು, ಅದನ್ನು ದೊಡ್ಡವರೇ ಮಾಡಿ. ಒಳಗೆ ಬಟ್ಟೆ ತುಂಡು, 3 ಸೆಂ.ಮೀ. ಸಣ್ಣ ಕಲ್ಲು, ಮೇಲೆ 8-10 ಸೆಂ.ಮೀ. ಮರಳು. ಮರಳು ತೊಳೆದ ನೀರು ತಿಳಿಯಾಗೋವರೆಗೂ ತೊಳೆಯಲೇಬೇಕು. ಎಂ-ಸ್ಯಾಂಡ್ ಆದರೆ ಕಲ್ಲುಪುಡಿ ಜಾಸ್ತಿ, ಹತ್ತು ಸಲ ತೊಳೆದರೂ ಹೆಚ್ಚಲ್ಲ. ಇಲ್ಲದಿದ್ದರೆ ಹಾಕಿದ್ದಕ್ಕಿಂತ ಕೊಳಕು ನೀರು ಕೆಳಗೆ ಬರುತ್ತೆ. ನೀರನ್ನು ನಡುವೆ ಸುರಿಯದೆ ಬಾಟಲಿಯ ಗೋಡೆಗೆ ತಾಗಿಸಿ ಬಿಡಿ. ನಡುವೆ ಸುರಿದರೆ ಗುಂಡಿ ಬಿದ್ದು ಸೋಸದೆಯೇ ಇಳಿಯುತ್ತೆ.

ತಿಳಿಯಾಗಿ ಕಂಡರೂ ಕುಡಿಯಬೇಡಿ. ರೋಗಾಣು ಹೋಗಿರಲ್ಲ.

ನೀರಗಂಟಿ:

ಮೇಲಿನದಕ್ಕೆ ಒಂದು ತಿದ್ದುಪಡಿ. ಆರ್‌ಒ ನೀರಿನಲ್ಲಿ ಈ ಪ್ರಯೋಗ ಆಗಲ್ಲ. ಪಟಿಕ ಆ ತುಣುಕು ಕಟ್ಟಲು ನೀರಿನಲ್ಲಿ ಬೈಕಾರ್ಬೊನೇಟ್ ಬೇಕು, ಆರ್‌ಒ ಅದನ್ನೇ ತೆಗೆದುಬಿಟ್ಟಿರುತ್ತೆ. ಬೋರ್‌ವೆಲ್ ಅಥವಾ ಕಾವೇರಿ ನೀರು ಬಳಸಿ. ಆರ್‌ಒ ಬಿಟ್ಟು ಬೇರೆ ಇಲ್ಲವೆಂದರೆ ಲೀಟರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ.

ಟೋಕಿಯೊದವರು ಪಟಿಕದ ಬದಲು ಅದರದೇ ಸಂಬಂಧಿ ಪಾಲಿ ಅಲ್ಯುಮಿನಿಯಂ ಕ್ಲೋರೈಡ್ ಬಳಸ್ತಾರೆ, ಕೆಲಸ ಅದೇ. ತೊನೆ ನದಿಯಿಂದ ತೆಗೆದ ನೀರಿಗೆ ಆಮೇಲೆ ಓಝೋನ್ ಮತ್ತು ಸಕ್ರಿಯ ಇದ್ದಿಲಿನ ಹಂತ ಇದೆ. ಪಾಚಿಯ ವಾಸನೆ ಹೋಗೋದು ಅಲ್ಲಿ. 2013ರಿಂದ ಆ ನೀರಷ್ಟೂ ಈ ಹಂತ ದಾಟಿಯೇ ಬರುತ್ತೆ.

ಏತ:

ಹತ್ತಿರದಲ್ಲಿ ಇನ್ನೇನಿದೆ ಅಂತ ಕೇಳಿದ್ರಿ. ಅರಿಯಾಕೆಯಲ್ಲೇ ನಡೆದು ಹೋಗುವ ದೂರದಲ್ಲಿ ಚರಂಡಿ ನೀರಿನ ಮ್ಯೂಸಿಯಂ, ನಿಜಿ ನೊ ಗೆಸುಯಿದೊಕಾನ್ ಇದೆ. ಶುದ್ಧೀಕರಣ ಘಟಕದ 5ನೇ ಮಹಡಿ, ಅದೂ ಉಚಿತ, ಅದಕ್ಕೂ ಸೋಮವಾರ ರಜೆ. ಮಕ್ಕಳು ಸಮವಸ್ತ್ರ ಹಾಕಿಕೊಂಡು ಪೈಪ್ ಪರೀಕ್ಷಿಸುವ, ಕಂಟ್ರೋಲ್ ರೂಮಿನ ಕೆಲಸಗಳನ್ನು ಆಟವಾಗಿ ಮಾಡ್ತಾರೆ. ಸಂಜೆ ಬೇಗ ಮುಚ್ಚುತ್ತೆ, 3 ಗಂಟೆಗೇ ಅಲ್ಲಿರಿ. ನಲ್ಲಿಯಿಂದ ಆಚೆ ನೀರು ಎಲ್ಲಿಗೆ ಹೋಗುತ್ತೆ ಅನ್ನೋದು ಇಲ್ಲಿ ಪೂರ್ತಿಯಾಗುತ್ತೆ.

ಹಿರಿಯರಿಗೆ ಇಷ್ಟವಾಗೋದು ಮಾತ್ರ ಇನ್ನೊಂದು: ಹೊಂಗೊದಲ್ಲಿರುವ ನೀರು ಸರಬರಾಜಿನ ಇತಿಹಾಸದ ಮ್ಯೂಸಿಯಂ. ಬೇರೆ ದಿನಕ್ಕೆ ಇಡಿ. ಒಚನೊಮಿಜು ಸ್ಟೇಷನ್ನಿಂದ 8 ನಿಮಿಷ, ಉಚಿತ. ತಿಂಗಳ ನಾಲ್ಕನೇ ಸೋಮವಾರ ರಜೆ.

ಎದೊ ಕಾಲದ (ಟೋಕಿಯೊಗೆ ಎದೊ ಅನ್ನೋ ಹೆಸರಿದ್ದಾಗಿನ, 1603ರಿಂದ 1868ರವರೆಗಿನ) ಮರದ ಪೈಪುಗಳು ಅಲ್ಲಿವೆ. ದಪ್ಪ ಹಲಗೆಯ ಉದ್ದನೆ ಪೆಟ್ಟಿಗೆ, ಮೇಲೆ ಮುಚ್ಚಳ. ಅದರಿಂದ ಬಿದಿರಿನ ಕೊಳವೆಯಲ್ಲಿ ನೀರು ಓಣಿಯ ಬಾವಿಗೆ ಬರುತ್ತಿತ್ತು. ಬಾವಿ ನೋಡಿದರೆ ನಮ್ಮ ಹಿತ್ತಿಲ ಬಾವಿ ಅನ್ನಿಸುತ್ತೆ, ಆದರೆ ಅದರಲ್ಲಿರೋದು ಅಂತರ್ಜಲವಲ್ಲ, ದೂರದ ನದಿಯ ನೀರು. ಅದು ಆ ಕಾಲದ ಬೀದಿ ನಲ್ಲಿ. ಪಕ್ಕದ ಪಾರ್ಕಿನಲ್ಲಿ ಕಾಂದಾ ಕಾಲುವೆಯ ಕಲ್ಲಿನ ತೂಬನ್ನು ಎತ್ತಿ ತಂದು ಮತ್ತೆ ಜೋಡಿಸಿದ್ದಾರೆ, ನೋಡದೆ ಬರಬೇಡಿ.

1653ರಲ್ಲಿ ತೋಡಿದ ತಮಗಾವಾ ಕಾಲುವೆಯ ಲೆಕ್ಕ ಮಗನ ಕೈಲಿ ಮಾಡಿಸಿ. ನದಿಯಿಂದ ನೀರು ತಿರುಗಿಸುವ ಹಮುರಾದಿಂದ ಊರಿನ ಅಂಚಿನ ಯೊತ್ಸುಯಾಗೆ 43 ಕಿ.ಮೀ., ಒಟ್ಟು ಇಳಿಜಾರು ಸುಮಾರು 92 ಮೀಟರ್. ಅಂದರೆ 100 ಮೀಟರಿಗೆ 21 ಸೆಂ.ಮೀ. ಒಂದು ಪಂಪೂ ಇಲ್ಲದೆ ನೀರು ಊರಿಗೆ ಬಂತು. ನಮಗೆ ಕಾವೇರಿ ಬರೋದು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಮೆಟ್ಟಿಲಲ್ಲಿ ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಿ.

ಮನೆಯಲ್ಲಿ ತೋರಿಸಬೇಕೆಂದರೆ 2 ಮೀಟರ್ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಒಂದು ತುದಿಗೆ 4 ಮಿ.ಮೀ. ಎತ್ತರ ಕೊಡಿ. ಒಂದರ ಮೇಲೊಂದು ಮೂರು ನಾಣ್ಯ ಇಟ್ಟರೆ ಹೆಚ್ಚುಕಡಿಮೆ ಅಷ್ಟಾಗುತ್ತೆ. ಆದರೆ ನೆಲವೇ ಅದಕ್ಕಿಂತ ವಾಲಿರುತ್ತೆ, ಹಾಗಾಗಿ ಮೊದಲು ಮಟ್ಟ ನೋಡಬೇಕು. ಮೇಸ್ತ್ರಿಗಳು ಹಿಡಿಯುವ ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪ್ ಸಾಕು. ಪೈಪಿನೊಳಗೆ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೂ ಎರಡು ತುದಿಯ ಮಟ್ಟ ಸುಳ್ಳು ಹೇಳುತ್ತೆ, ಬೆರಳಿನಲ್ಲಿ ತಟ್ಟಿ ಗುಳ್ಳೆ ಹೊರಗೆ ಬಿಟ್ಟು ಆಮೇಲೆ ಗುರುತು ಹಾಕಿ.

ಮಳೆಹನಿ:

ಹಾಗಾದರೆ ಬುಧವಾರ ಬೆಳಿಗ್ಗೆ 9:30ಕ್ಕೆ ವಿಜ್ಞಾನ ಮ್ಯೂಸಿಯಂ, ಬುತ್ತಿ ಊಟ, 3ಕ್ಕೆ ಚರಂಡಿ ಮ್ಯೂಸಿಯಂ. ಹೊಂಗೊ ಶುಕ್ರವಾರ. ಎರಡರ ನಡುವೆ ಅತ್ತೆ-ಮಾವ ಸುಸ್ತಾದರೆ?

ತೂಬು:

ಸುಸ್ತಾದರೆ ಚರಂಡಿ ಮ್ಯೂಸಿಯಂಗೆ ಮಕ್ಕಳನ್ನು ಒಬ್ಬರು ಕರಕೊಂಡು ಹೋಗಿ, ಇನ್ನೊಬ್ಬರು ಹಿರಿಯರ ಜೊತೆ ಯುರಿಕಮೊಮೆ ಹತ್ತಿ ವಾಪಸ್ ಹೊರಡಿ. ಶಿಂಬಾಶಿವರೆಗೂ ರೈಲು ಬದಲಿಸೋದಿಲ್ಲ, ಕೂತಲ್ಲೇ ಸಮುದ್ರ ನೋಡಬಹುದು. ಸಂಜೆ 5ರ ಮೇಲೆ ಆಫೀಸ್ ಬಿಡುವ ಹೊತ್ತು, ಸೀಟು ಕಷ್ಟ. 4 ಗಂಟೆಗೇ ಹೊರಟುಬಿಡಲಿ.