ಹಾವಿನ ಬಾಯಲ್ಲಿ ಜೇಸನ್: ಗ್ರೀಕ್ ಮಡಕೆಯ ಚಿತ್ರ ಕಥೆಗೆ ಹೊಂದುವುದಿಲ್ಲವೇಕೆ?

ಪ್ರಶ್ನೆ (ಮಂಜೇಶ್ವರದ ಅಧ್ಯಾಪಕಿ)

ಇಲ್ಲಿನ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಗ್ರೀಕ್ ಪುರಾಣಗಳನ್ನು ಪರಿಚಯಿಸಬೇಕೆಂದು ಕಪ್ಪು ಹಿನ್ನೆಲೆಯಲ್ಲಿ ಕೆಂಪು ಆಕೃತಿಗಳಿರುವ ಮಡಕೆಗಳ ಚಿತ್ರಗಳನ್ನು ಕಲೆಹಾಕುತ್ತಿದ್ದೇನೆ. ಅವುಗಳಲ್ಲಿ ಒಂದು ನನ್ನನ್ನು ಗೊಂದಲಕ್ಕೆ ಕೆಡವಿದೆ. ಡೌರಿಸ್ ಎಂಬ ಚಿತ್ರಕಾರ ಬರೆದ, ಈಗ ವ್ಯಾಟಿಕನ್ನಿನ ಸಂಗ್ರಹಾಲಯದಲ್ಲಿರುವ ಪಾನಪಾತ್ರೆಯ ಒಳಭಾಗದಲ್ಲಿ, ಭಾರೀ ಸರ್ಪವೊಂದರ ಬಾಯಿಂದ ಗಡ್ಡಧಾರಿಯೊಬ್ಬ ಅರ್ಧ ಮೈ ಹೊರಚಾಚಿ, ತೋಳುಗಳನ್ನು ಇಳಿಬಿಟ್ಟು ನಿಶ್ಚೇಷ್ಟಿತನಾಗಿ ನೇತಾಡುತ್ತಿದ್ದಾನೆ. ಎದುರಿಗೆ ಅಥೀನಾ ದೇವಿ ನಿಂತಿದ್ದಾಳೆ. ಇವನೇ ಜೇಸನ್ ಎಂದು ವಿವರಣೆಯಲ್ಲಿದೆ. ಆದರೆ ನಾನು ಓದಿದ ಕಥೆಯಲ್ಲಿ, ಜೇಸನ್ನನಿಗೆ ಒಲಿದ ಮಾಟಗಾತಿ ಮೆಡಿಯಾ ಚಿನ್ನದ ಉಣ್ಣೆಯನ್ನು ಕಾಯುವ ಸರ್ಪವನ್ನು ಮದ್ದಿನಿಂದ ನಿದ್ರೆಗೆಡಹುತ್ತಾಳೆ, ಅದನ್ನು ತರಲು ಬಂದ ವೀರ ಜೇಸನ್ ಉಣ್ಣೆಯನ್ನು ಎತ್ತಿಕೊಂಡು ಹೋಗುತ್ತಾನೆ. ಸರ್ಪ ಅವನನ್ನು ನುಂಗುವ ಮಾತೇ ಇಲ್ಲ. ವಿವರಣೆ ತಪ್ಪಿರಬಹುದೇ, ಅಥವಾ ಚಿತ್ರಕಾರನಿಗೆ ಕಥೆ ಸರಿಯಾಗಿ ತಿಳಿದಿರಲಿಲ್ಲವೇ?

ಉತ್ತರ 1 (ನೀರ್ಚಾಲಿನ ಓದುಗ)

ವಿವರಣೆ ಸರಿಯಾಗಿಯೇ ಇದೆ. ಆ ಆಕೃತಿಯ ಬಳಿ ಜೇಸನ್ ಎಂಬ ಹೆಸರನ್ನು ಡೌರಿಸನೇ ಗ್ರೀಕ್ ಅಕ್ಷರಗಳಲ್ಲಿ ಬರೆದಿದ್ದಾನೆ; ಹಿಂಬದಿಯ ಮರದಲ್ಲಿ ಉಣ್ಣೆಯೂ ನೇತಾಡುತ್ತಿದೆ. ಅಥೀನಾಳಿಗೆ ಹೆಸರು ಬರೆಯಬೇಕಾದ ಅಗತ್ಯವೇ ಇರಲಿಲ್ಲ, ಏಕೆಂದರೆ ಕೈಯಲ್ಲಿ ಗೂಬೆ, ಎದೆಯ ಮೇಲೆ ಗೊರ್ಗನ್ ಎಂಬ ರಾಕ್ಷಸಿಯ ಮುಖದ ಕವಚ ಇದ್ದ ಮೇಲೆ ಅವಳು ಬೇರೆ ಯಾರೂ ಆಗಲಾರಳು.

ತಾವು ಓದಿದ ಕಥೆ ಮಾತ್ರ ಈ ಬಟ್ಟಲಿಗಿಂತ ಬಹಳ ಕಿರಿಯದು. ಬಟ್ಟಲು ಕ್ರಿ.ಪೂ. 480-470ರ ಸುಮಾರಿನದು. ಮೆಡಿಯಾ ಮಂತ್ರ-ಮದ್ದುಗಳಿಂದ ಸರ್ಪವನ್ನು ಮಲಗಿಸುವ ಪ್ರಸಂಗವನ್ನು ವಿಸ್ತಾರವಾಗಿ ಹೇಳಿದ ಗ್ರೀಕ್ ಕವಿ ಅಪೊಲೋನಿಯಸ್ ಬದುಕಿದ್ದು ಕ್ರಿ.ಪೂ. 3ನೆಯ ಶತಮಾನದಲ್ಲಿ. ನಡುವೆ, ಕ್ರಿ.ಪೂ. 462ರಲ್ಲಿ, ಕವಿ ಪಿಂಡಾರನು ಜೇಸನ್ ಉಪಾಯದಿಂದ ಸರ್ಪವನ್ನು ಕೊಂದನೆಂದು ಹಾಡಿದ್ದಾನೆ. ಹೀಗೆ ಎರಡು ಪಠ್ಯಗಳೇ ಒಂದಕ್ಕೊಂದು ಒಪ್ಪುವುದಿಲ್ಲ. ಸರ್ಪ ಜೇಸನ್ನನನ್ನು ನುಂಗಿ ಉಗುಳಿದ ಕಥೆ ಉಳಿದು ಬಂದಿರುವ ಯಾವ ಗ್ರಂಥದಲ್ಲಿಯೂ ಇಲ್ಲ. ಅದನ್ನು ಹೇಳುತ್ತಿರುವುದು ಚಿತ್ರವೇ. ಹಿರಿಯ ಸಾಕ್ಷಿಯನ್ನು ಕಿರಿಯ ಗ್ರಂಥದ ಮುಂದೆ ನಿಲ್ಲಿಸಿ ತಪ್ಪು ಹೊರಿಸುವುದು ನ್ಯಾಯವಲ್ಲ ಎಂದು ನನ್ನ ಅಭಿಪ್ರಾಯ. ನಮ್ಮ ಕಡೆಯ ತಾಳಮದ್ದಳೆಯಲ್ಲಿ ವಾಲಿಯ ಅರ್ಥ ಹೇಳುವವರು ಪ್ರಸಂಗದ ಪದ್ಯದಲ್ಲಿಲ್ಲದ ವಾದವನ್ನು ಕಟ್ಟಿ ನಿಲ್ಲಿಸಿದಾಗ ಕವಿಗೆ ದ್ರೋಹವಾಯಿತೆಂದು ಯಾರೂ ಎದ್ದುಹೋಗುವುದಿಲ್ಲವಷ್ಟೆ.

ಉತ್ತರ 2 (ಬದಿಯಡ್ಕದಿಂದ)

ಮೇಲಿನ ಉತ್ತರವನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಗ್ರಂಥದಲ್ಲಿಲ್ಲದ್ದೆಲ್ಲವೂ ಕಳೆದುಹೋದ ಕಥೆಯೊಂದರ ಕುರುಹು ಎಂದು ತೀರ್ಮಾನಿಸುವುದಕ್ಕೆ ನಾನು ಹಿಂಜರಿಯುತ್ತೇನೆ. ಕೆಲವೊಮ್ಮೆ ಚಿತ್ರಕಾರ ಗೊತ್ತಿರುವ ಕಥೆಯನ್ನೇ ತನ್ನ ಅಗತ್ಯಕ್ಕೆ ತಕ್ಕಂತೆ ತಿರುಗಿಸುತ್ತಾನೆ.

ಯೂಫ್ರೋನಿಯೋಸ್ ಕ್ರಿ.ಪೂ. 515ರ ಸುಮಾರಿಗೆ ಬರೆದ ಸಾರ್ಪಿಡಾನನ ಚಿತ್ರವನ್ನು ನೋಡಿ. ವೈನಿಗೆ ನೀರು ಬೆರೆಸುವ ದೊಡ್ಡ ಪಾತ್ರೆಯದು; ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 1972ರಲ್ಲಿ ಕೊಂಡು, 2008ರಲ್ಲಿ ಇಟಲಿಗೆ ಮರಳಿಸಿತು. ಟ್ರಾಯ್ ಯುದ್ಧವನ್ನು ಹೇಳುವ ಹೋಮರನ ಮಹಾಕಾವ್ಯ ಇಲಿಯಡ್ಡಿನ 16ನೆಯ ಕಾಂಡದಲ್ಲಿ ದೇವರಾಜ ಜ್ಯೂಸ್ ತನ್ನ ಮಗ ಸಾರ್ಪಿಡಾನನ ಶವವನ್ನು ರಣರಂಗದಿಂದ ತರಲು ಅಪೊಲೋನನ್ನು ಕಳುಹಿಸುತ್ತಾನೆ, ಅಪೊಲೋ ಅದನ್ನು ತೊಳೆದು ನಿದ್ರೆ ಮತ್ತು ಮೃತ್ಯು ಎಂಬ ಅವಳಿ ದೇವತೆಗಳಿಗೆ ಒಪ್ಪಿಸುತ್ತಾನೆ. ಮಡಕೆಯಲ್ಲಿ ರೆಕ್ಕೆಯುಳ್ಳ ಆ ಇಬ್ಬರೂ ಇದ್ದಾರೆ, ಆದರೆ ನಡುವೆ ನಿಂತಿರುವವನು ಹರ್ಮಿಸ್. ಗಾಯಗಳಿಂದ ರಕ್ತ ಇನ್ನೂ ಸುರಿಯುತ್ತಿದೆ. ಸತ್ತವರನ್ನು ಪರಲೋಕಕ್ಕೆ ಕರೆದೊಯ್ಯುವವನು ಹರ್ಮಿಸ್ ಆದ್ದರಿಂದ ಅವನೇ ಇಲ್ಲಿ ಯುಕ್ತನೆಂದು ಯೂಫ್ರೋನಿಯೋಸ್ ಭಾವಿಸಿರಬೇಕು. ಇದಕ್ಕೆ ಬೇರೊಂದು ಇಲಿಯಡ್ಡನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ.

ಬರ್ಲಿನ್ನಿನಲ್ಲಿರುವ, ಸೋಸಿಯಾಸ್ ಎಂಬ ಕುಂಬಾರನ ಸಹಿಯುಳ್ಳ ಬಟ್ಟಲು ಇನ್ನೂ ಸ್ವಾರಸ್ಯಕರವಾದುದು. ಅಕಿಲೀಸ್ ತನ್ನ ಗೆಳೆಯ ಪೆಟ್ರೋಕ್ಲಸನ ತೋಳಿನ ಗಾಯಕ್ಕೆ ಬಿಳಿಯ ಪಟ್ಟಿ ಸುತ್ತುತ್ತಿದ್ದಾನೆ. ಪೆಟ್ರೋಕ್ಲಸ್ ಮುಖವನ್ನು ಅತ್ತ ತಿರುಗಿಸಿ, ತೆರೆದ ತುಟಿಗಳ ನಡುವೆ ಹಲ್ಲು ಕಾಣುವಂತೆ ನೋವು ತಡೆದುಕೊಂಡು, ಕಾಲನ್ನು ವೃತ್ತದ ಅಂಚಿಗೆ ಒತ್ತಿ ಹಿಡಿದಿದ್ದಾನೆ. ಈ ಘಟನೆ ಇಲಿಯಡ್ಡಿನಲ್ಲಿ ಎಲ್ಲಿಯೂ ಬರುವುದಿಲ್ಲ. ಆದರೂ ಪೆಟ್ರೋಕ್ಲಸನಿಗೆ ಗಡ್ಡವಿದೆ, ಅಕಿಲೀಸನಿಗೆ ಇಲ್ಲ. ಇಬ್ಬರಲ್ಲಿ ಪೆಟ್ರೋಕ್ಲಸನೇ ಹಿರಿಯನೆಂದು ಇಲಿಯಡ್ ಹೇಳುವ ಮಾತಿಗೆ ಇದು ಸರಿಹೊಂದುತ್ತದೆ. ಬಟ್ಟಲಿನ ತಳದ ಸಣ್ಣ ವೃತ್ತದಲ್ಲಿ ಸೈನ್ಯವನ್ನು ತುಂಬಿಸಲಾಗದು. ಇಬ್ಬರ ನಡುವಿನ ಒಂದು ಕ್ಷಣ ಸಾಕಾಗುತ್ತದೆ. ಡೌರಿಸನ ಬಟ್ಟಲಿನಲ್ಲಿ ಮೆಡಿಯಾ ಕಾಣದಿರುವುದಕ್ಕೂ ಸ್ಥಳದ ಈ ಬಿಗಿಯೇ ಒಂದು ಕಾರಣವಾಗಿರಬಹುದು.

ಉತ್ತರ 3 (ಕಾಸರಗೋಡು ಪೇಟೆಯ ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ)

ಮಕ್ಕಳಿಗೆ ತೋರಿಸುವಾಗ ಒಂದು ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಇಲ್ಲಿ ಕೆಂಪು ಬಣ್ಣ ಬಳಿದದ್ದಲ್ಲ. ಅದು ಅಥೆನ್ಸಿನ ಕಬ್ಬಿಣಾಂಶವುಳ್ಳ ಜೇಡಿಮಣ್ಣಿನ ಸ್ವಂತ ಬಣ್ಣ. ಆಕೃತಿಯ ಸುತ್ತಲಿನ ಹಿನ್ನೆಲೆಗೆ ನುಣ್ಣನೆಯ ಮಣ್ಣಿನ ತಿಳಿಯನ್ನು ಬಳಿದು, ಒಂದೇ ಆವಿಗೆಯಲ್ಲಿ ಮೂರು ಹಂತಗಳಲ್ಲಿ ಸುಡುತ್ತಿದ್ದರು. ಮೊದಲು ಗಾಳಿ ಬಿಟ್ಟಾಗ ಎಲ್ಲವೂ ಕೆಂಪಾಗುತ್ತದೆ. ಆಮೇಲೆ ಗಾಳಿಕಿಂಡಿ ಮುಚ್ಚಿ ಹಸಿ ಸೌದೆ ಹಾಕಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಹೊಗೆಯೂಡಿದಾಗ ಎಲ್ಲವೂ ಕಪ್ಪಾಗಿ, ತಿಳಿ ಬಳಿದ ಭಾಗ ಗಾಜಿನಂತೆ ಬಿಗಿಯುತ್ತದೆ. ಕೊನೆಗೆ ಮತ್ತೆ ಗಾಳಿ ಬಿಟ್ಟರೆ ರಂಧ್ರಗಳುಳ್ಳ ಬರಿಯ ಮಣ್ಣು ಕೆಂಪಿಗೆ ಮರಳುತ್ತದೆ, ಬಿಗಿದುಕೊಂಡ ಭಾಗ ಕಪ್ಪಾಗಿಯೇ ಉಳಿಯುತ್ತದೆ.

ಕಥೆಗೂ ಇದಕ್ಕೂ ಸಂಬಂಧವಿದೆ. ಹಿಂದಿನ ಕಪ್ಪು ಆಕೃತಿಯ ಪದ್ಧತಿಯಲ್ಲಿ ಒಳವಿವರಗಳನ್ನು ಮೊನೆಯಿಂದ ಗೀರಬೇಕಾಗಿತ್ತು. ಕ್ರಿ.ಪೂ. 530-520ರ ಸುಮಾರಿಗೆ ಹೊಸ ಪದ್ಧತಿ ಬಂದ ಮೇಲೆ ಕುಂಚದಲ್ಲಿಯೇ ರೆಪ್ಪೆ, ಸ್ನಾಯು, ಬೆರಳಿನ ಗಂಟುಗಳನ್ನು ಎಳೆಯಬಹುದಾಯಿತು. ಪೆಟ್ರೋಕ್ಲಸನ ಹಲ್ಲುಗಳು ಕಾಣುತ್ತಿರುವುದು ಆ ಕುಂಚದ ದೆಸೆಯಿಂದ.

ಅಧ್ಯಾಪಕಿಯ ಮರುಮಾತು

ಎಲ್ಲರಿಗೂ ಧನ್ಯವಾದಗಳು. ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡವಿದೆಯೇ ಎಂದು ಗೋವಿಂದ ಪೈಗಳು ತಲೆಕೆಡಿಸಿಕೊಂಡ ಊರಿನಲ್ಲಿ ಈ ಪಾಠ ಅಪರಿಚಿತವೆನಿಸಲಾರದು. ನಾಟಕದ ಕಥೆಯುಳ್ಳ ಮಡಕೆಯೊಂದನ್ನೂ ತೋರಿಸಬೇಕೆಂದಿದೆ, ಯಾವುದಾದೀತು?

ಉತ್ತರ 2 ಬರೆದವರಿಂದ

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿರುವ, ದಕ್ಷಿಣ ಇಟಲಿಯಲ್ಲಿ ಕ್ರಿ.ಪೂ. 400ರ ಸುಮಾರಿಗೆ ತಯಾರಾದ ಮಡಕೆಯನ್ನು ಆಯ್ದುಕೊಳ್ಳಿ. ಮೆಡಿಯಾ ಸರ್ಪಗಳ ರಥವೇರಿ ಸೂರ್ಯಬಿಂಬದ ನಡುವೆ ಹೊರಟಿದ್ದಾಳೆ. ಯೂರಿಪಿಡೀಸ್ ಕ್ರಿ.ಪೂ. 431ರಲ್ಲಿ ಆಡಿಸಿದ ನಾಟಕದಲ್ಲಿ ಅವಳು ಜೇಸನ್ನನಿಂದ ಪಡೆದು ತಾನೇ ಕೊಂದ ಮಕ್ಕಳ ಶವಗಳನ್ನು ತನ್ನೊಂದಿಗೆ ಒಯ್ಯುತ್ತಾಳೆ. ಮಡಕೆಯಲ್ಲಿ ಅವು ಕೆಳಗೆ ಬಲಿಪೀಠದ ಮೇಲೆ ಬಿದ್ದಿವೆ. ಜೇಸನ್ ಇಲ್ಲಿಯೂ ಇದ್ದಾನೆ, ಆದ್ದರಿಂದ ಡೌರಿಸನ ಬಟ್ಟಲಿನ ನಂತರ ಇದನ್ನಿಟ್ಟರೆ ಕಥೆಯ ಎಳೆ ತಪ್ಪುವುದಿಲ್ಲ. ಶವಗಳ ಚಿತ್ರವನ್ನು ಮಕ್ಕಳಿಗೆ ತೋರಿಸುವ ಮುನ್ನ ಒಂದು ಮಾತು ಹೇಳಿ ಸಿದ್ಧಪಡಿಸಿ.