ಸಹಾಯ ಬೇಕು: ಫೀಲ್ಡ್ ಬ್ಲೆಂಡ್ ವೈನ್‌ನ ಹಸಿರು ಕಹಿ ಎಲ್ಲಿಂದ?

ಪೋರ್ಚುಗಲ್‌ನ ಡೋರೊ ಕಣಿವೆಯ ಹಳೇ ಬಳ್ಳಿಗಳ ಆರು ಕೆಂಪು ಫೀಲ್ಡ್ ಬ್ಲೆಂಡ್‌ಗಳನ್ನು (ಒಂದೇ ತೋಟದಲ್ಲಿ ಬೆರೆತು ಬೆಳೆದ ಹಲವು ದ್ರಾಕ್ಷಿ ತಳಿಗಳ ವೈನ್) ಲೇಬಲ್ ಮುಚ್ಚಿ ರುಚಿ ನೋಡಬೇಕಿದೆ. ತಲಾ 50 ಮಿ.ಲೀ., 16 ಡಿಗ್ರಿ ಸೆಲ್ಸಿಯಸ್, ಎಲ್ಲಕ್ಕೂ ಒಂದೇ ಅಳತೆಯ ಗ್ಲಾಸು. 20 ಡಿಗ್ರಿ ದಾಟಿದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ತೀರಾ ತಣ್ಣಗಿದ್ದರೆ ಒಗರು ಎದ್ದು ನಿಲ್ಲುತ್ತದೆ. ಅಷ್ಟು ಸರಿಯಿದೆ.

ತೊಡಕು ಬೇರೆ. ಹತ್ತಾರು ತಳಿಗಳನ್ನು ಒಂದೇ ದಿನ ಕೊಯ್ದು ಒಟ್ಟಿಗೇ ಹುದುಗಿಸುವುದರಿಂದ ಕೆಲವು ಹಣ್ಣು ಅತಿಯಾಗಿ ಮಾಗಿರುತ್ತವೆ, ಕೆಲವು ಇನ್ನೂ ಬಲಿತಿರುವುದಿಲ್ಲ. ಒಂದೇ ಗುಟುಕಿನಲ್ಲಿ ಒಣದ್ರಾಕ್ಷಿಯ ಘಮವೂ ಹಸಿ ಕಡ್ಡಿಯ ಕಹಿಯೂ! ಈ ಕಹಿ ಬಲಿಯದ ಹಣ್ಣಿನದೋ, ತೊಟ್ಟು ಬಿಡಿಸದೆ ಹುದುಗಿಸಿದ್ದರದೋ ಎಂದು ಬಾಯಲ್ಲೇ ಗುರುತಿಸುವುದು ಹೇಗೆ? ಡಿಕ್ಯಾಂಟರ್‌ಗೆ (ಗಾಳಿಯಾಡಲು ವೈನ್ ಸುರಿದಿಡುವ ಗಾಜಿನ ಹೂಜಿ) ಸುರಿದು ಅರ್ಧ ಗಂಟೆ ಬಿಟ್ಟರೆ ಸುಳಿವು ಸಿಕ್ಕೀತೇ?

ಬಣ್ಣ ನೋಡಿ ಹೇಳುವ ಉಪಾಯ ಬೇಡ. ಅಲಿಕಾಂಟೆ ಬೂಷೆ ಎಂಬ ದ್ರಾಕ್ಷಿ ತಳಿಯ ತಿರುಳೇ ಕೆಂಪು. ಸ್ವಲ್ಪ ಬೆರೆತರೂ ಬಣ್ಣ ಗಾಢವಾಗಿ ದಾರಿ ತಪ್ಪಿಸುತ್ತದೆ.